ನಾ ಬರೆದದ್ದು, ಅವರು ತೋರಿಸಿದ್ದು

ಪತ್ರಿಕೆಗೆ ಬರೆದ ವರದಿಯನ್ನು ವಿಡಿಯೋ ಮಾಡಲು ಹೊರಟಾಗಿನಿಂದ ನನ್ನ ಪಾಲಿಗೆ ಅವಮಾನಗಳಿಗೆ ಬರವಿಲ್ಲ. ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಒಂದೊಂದು ಪದ ತೂಗಿ ಬರೆದವನು ನಾನು. ಸಂಪಾದಕರು ಕರೆದು, "ಬರದದ್ದು ಸಾಕ್ರಿ, ಇನ್ನ ತೋರಸ್ರಿ" ಅಂದರು. ತೋರಿಸಿದೆ. ಏನಾಯ್ತು ಕೇಳಿ.

ಕಣ್ಣೀರು

ಅಮರಗೋಳದ ಮಾರುಕಟ್ಟೆಯಲ್ಲಿ ಕುಡಿಯುವ ನೀರಿಲ್ಲ ಎಂದು ಬರೆದಿದ್ದೆ. ವಿಡಿಯೋ ವಿಭಾಗದ ಮೇಡಂ ಓದಿ, "ಛಲೋ ಐತ್ರಿ ಸರ. ಆದ್ರ ಶುರುವಿಗೆ ಯಾರರ ಅಳಬೇಕು" ಅಂದರು.

"ನಳ ಬಂದಿಲ್ಲಂತ ಯಾರ ಅಳ್ತಾರ್ರಿ?" ಎಂದು ರೇಗಿದೆ. ಕೇಳಿದರೇ? ನಾನು ತಂದ ದೃಶ್ಯಗಳಲ್ಲಿ ಖಾನಾವಳಿಯ ಅಕ್ಕನೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನೇ ಹೆಕ್ಕಿ, ಹಿಂದೆ ಕೊಳಲು ಊದಿಸಿ, ಎಲ್ಲಕ್ಕಿಂತ ಮೊದಲು ಹಾಕಿದರು.

ಮರುದಿನ ಆ ಅಕ್ಕ ನನ್ನ ಬೈಕಿಗೇ ಅಡ್ಡ ನಿಂತಳು. "ಏನ್ರಿ ಸರ, ಗಂಡ ಬಡದಾನಂತ ತಿಳದು ನಮ್ಮ ತವರಮನಿ ಮಂದಿ ಗಾಡಿ ಮಾಡ್ಕೊಂಡು ಬಂದಾರ! ನಾ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ನಿ ಅಂದ್ರ ಒಬ್ಬರೂ ನಂಬವಲ್ರು!"

ಸದ್ದು

ತಾರಿಹಾಳದಲ್ಲಿ ಒಬ್ಬ ಚಾಚಾನ ವರ್ಕ್‌ಶಾಪಿದೆ. ಕೈತುಂಬ ಕೆಲಸ. ಆ ಗೆಲುವಿನ ಕತೆಯನ್ನೇ ಬರೆದಿದ್ದೆ. ವಿಡಿಯೋ ತೆಗೆಯಲು ಹೋದರೆ ಯಂತ್ರಗಳ ಸದ್ದಿನಲ್ಲಿ ಚಾಚಾನ ಮಾತೇ ಕೇಳದು. "ಚೂರು ಎಲ್ಲಾ ಬಂದ್ ಮಾಡ್ರಿ" ಅಂದೆ. ಪಾಪ, ಮಾಡಿದ. ಕೆಲಸಗಾರರೂ ಕೈಕಟ್ಟಿ ನಿಂತರು.

ಕಚೇರಿಯಲ್ಲಿ ನನ್ನ ವರದಿಯನ್ನು ಯಾರೂ ಓದಲೇ ಇಲ್ಲ. ನಿಂತ ಯಂತ್ರ ನೋಡಿದವರೇ ಕೆಂಪಕ್ಷರದಲ್ಲಿ 'ವರ್ಕ್‌ಶಾಪಿಗೆ ಬೀಗ!' ಎಂದು ಹಾಕಿಬಿಟ್ಟರು.

ಚಾಚಾ ಫೋನ್ ಮಾಡಿದ. "ಸಾಹೇಬ್ರ, ಬಂದ್ ಮಾಡ್ರಿ ಅಂದಾವ್ರೂ ನೀವ, ಬಂದ್ ಆಗೇತಿ ಅನ್ನಾವ್ರೂ ನೀವ. ಈಗ ಹಳೇ ಯಂತ್ರ ಎಷ್ಟಕ್ಕ ಕೊಡ್ತೀರಿ ಅಂತ ಗುಜರಿ ಮಂದಿ ಬಾಗಲದಾಗ ನಿಂತಾರ. ಅವರಿಗೆ ಚಾ ನೀವ ಕುಡಸ್ರಿ!"

ಗುಂಡಿ

ನಮ್ಮ ಬಡಾವಣೆಯ ರಸ್ತೆಗುಂಡಿಯ ಬಗ್ಗೆ ವರ್ಷ ವರ್ಷ ಬರೆದವನು ನಾನು. ವ್ಯಂಗ್ಯವಾಗಿ ಬರೆದೆ, ವಿನಂತಿಸಿ ಬರೆದೆ, ಸಿಟ್ಟಿನಿಂದ ಬರೆದೆ. ಗುಂಡಿ ಅಲ್ಲೇ ಇತ್ತು. ಕೊನೆಗೆ ಸಂಪಾದಕರು, "ಅದರ ಮುಂದ ನಿಂತು ಮಾತಾಡ್ರಿ" ಅಂದರು.

ಇಸ್ತ್ರಿ ಅಂಗಿ ತೊಟ್ಟು ಮೈಕ್ ಹಿಡಿದು ನಿಂತೆ. ಮಳೆನೀರು ತುಂಬಿ ಗುಂಡಿ ರಸ್ತೆಗೆ ಸಮವಾಗಿತ್ತು. "ಇಷ್ಟು ದೊಡ್ಡ ಗುಂಡಿ ಕಾಣದ ಅಧಿಕಾರಿಗಳಿಗೆ ಕಣ್ಣಿವೆಯೇ?" ಎಂದು ಗುಡುಗಿದೆ.

"ಸರ, ಗುಂಡಿ ಕಾಣವಲ್ದು, ಚೂರು ಹಿಂದ ಸರೀರಿ" ಅಂದ ಕ್ಯಾಮೆರಾದವನು.

ಸರಿದೆ. ಸೊಂಟದವರೆಗೆ ಇಳಿದೆ. ಮೈಕ್ ಮಾತ್ರ ಮೇಲೆತ್ತಿ ಹಿಡಿದಿದ್ದೆ. ಆ ಪುಣ್ಯಾತ್ಮ ನನ್ನನ್ನು ಎತ್ತುವುದು ಬಿಟ್ಟು ಚಿತ್ರೀಕರಣ ಮುಂದುವರಿಸಿದ.

ಹುಬ್ಬಳ್ಳಿ-ಧಾರವಾಡದ ತುಂಬ ಅದೇ ವಿಡಿಯೋ. ಮರುದಿನವೇ ಜಲ್ಲಿ, ಡಾಂಬರು, ರೋಲರು ಎಲ್ಲ ಬಂದವು. ಸೊಂಟ ಹಿಡಿದುಕೊಂಡು ನೋಡಲು ಹೋದೆ. ರಸ್ತೆಯ ಇಂಜಿನಿಯರು ಕೈಕುಲುಕಿ, ಕಳಕಳಿಯಿಂದಲೇ ಹೇಳಿದರು:

"ಭಾಳ ಛಲೋ ಬಿದ್ರಿ ಸರ. ಸುಮ್ನ ಇಷ್ಟ ವರ್ಷ ಬರಕೋತ ಕುಂತಿರಲ್ರಿ, ಮೊದಲ ಬಿದ್ದಿದ್ರ ಯಾವಾಗೋ ಮುಚ್ಚತಿದ್ವಿ!"