ದಿಂಬಣ್ಣನ ಕಣ್ಣಡಿಯ ಕತ್ತಲೆ

ಬೆಳಗ್ಗೆ ಎದ್ದು ಮುಖ ತೊಳೆಯುತ್ತಿದ್ದಾಗಲೇ ದಿಂಬಣ್ಣ ಘೋರ ಪ್ರತಿಜ್ಞೆ ಮಾಡಿಬಿಟ್ಟ.

"ಇವತ್ತಿಗೆ ಮುಗೀತು! ಇನ್ಮೇಲೆ ಈ ಮನೇಲಿ ಒಂದೋ ನಾನಿರಬೇಕು, ಇಲ್ಲಾ ನನ್ನ ಕಣ್ಣಿನ ಕೆಳಗಿನ ಈ ಕಪ್ಪಿರಬೇಕು!"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಇಬ್ಬರೂ ಇರಿ, ಜಾಗ ಇದೆ. ಮೊದಲು ನಲ್ಲಿ ನಿಲ್ಸಿ, ನೀರು ಸುಮ್ನೆ ಹೋಗ್ತಿದೆ."

ದಿಂಬಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್. ಯಾವ ಗಿರಾಕಿ ಬಂದರೂ ಕಂಕುಳಲ್ಲಿ ಒಂದು ದಿಂಬು ಇಟ್ಟುಕೊಂಡೇ ಮಾತಿಗೆ ನಿಲ್ಲುತ್ತಿದ್ದುದರಿಂದ ಅಂಗಡಿಯವರು ಇಟ್ಟ ಹೆಸರು ಅದು. ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ. "ಈ ಹಾಸಿಗೆ ಮೇಲೆ ಮಲಗಿದ್ರೆ ಬೆಳಗಾಗಿದ್ದೇ ಗೊತ್ತಾಗಲ್ಲ ಸಾರ್!" ಎಂದು ಅವನು ಶುರು ಮಾಡಿದರೆ ಗಿರಾಕಿಗೆ ನಿಂತಲ್ಲೇ ಆಕಳಿಕೆ ಬರಬೇಕು. ಆದರೆ ಆಕಳಿಸಲು ಬಾಯಿ ತೆರೆದ ಗಿರಾಕಿ ಅಕಸ್ಮಾತ್ ಅವನ ಮುಖ ನೋಡಿದನೋ, ಕೆಲಸ ಕೆಟ್ಟಿತು! ಕಣ್ಣಿನ ಕೆಳಗೆ ಎರಡು ಕಪ್ಪು ಅರ್ಧಚಂದ್ರ. ಕೊಳ್ಳಲು ಬಂದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು, "ಆಮೇಲೆ ಬರ್ತೀವಿ" ಎಂದು ಎದುರಿನ ಅಂಗಡಿಗೆ ನಡೆದುಬಿಡುತ್ತಿದ್ದರು. ಒಬ್ಬಾಕೆ ಅಂತೂ ಬಾಯಿಬಿಟ್ಟೇ ಕೇಳಿದ್ದಳು: "ಮನೇಲಿ ನೀವು ಯಾವ ಹಾಸಿಗೆ ಮೇಲೆ ಮಲಗ್ತೀರಿ? ಅದೊಂದು ಬಿಟ್ಟು ಬೇರೆ ತೋರಿಸಿ."

ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ? ದಿಂಬಣ್ಣನಿಗೆ ನಿದ್ದೆಯ ಕೊರತೆ ಎಂಬುದೇ ಇರಲಿಲ್ಲ! ತಲೆ ದಿಂಬಿಗೆ ತಾಗುವುದೊಂದೇ ತಡ, ಮನುಷ್ಯ ಈ ಲೋಕದಲ್ಲಿರುತ್ತಿರಲಿಲ್ಲ. ಕಣ್ಣಡಿಯ ಕಪ್ಪು ಅವನಿಗೆ ಅಪ್ಪನ ಕಡೆಯಿಂದ ಬಂದದ್ದು. ಅಜ್ಜ, ಅಪ್ಪ, ಚಿಕ್ಕಪ್ಪ ಎಲ್ಲರಿಗೂ ಅದೇ. ಆ ಮನೆತನದಲ್ಲಿ ಜಗಳವಿಲ್ಲದೆ ಎಲ್ಲರಿಗೂ ಸಮವಾಗಿ ಪಾಲಾದ ಆಸ್ತಿ ಅದೊಂದೇ.

ಇಷ್ಟು ದಿನ ಹೇಗೋ ನಡೆದಿತ್ತು. ನಿನ್ನೆ ಅಂಗಡಿಯ ಯಜಮಾನರು ಕರೆದು ಕೂರಿಸಿಕೊಂಡು ಹೇಳಿದ್ದರು: "ನೋಡಯ್ಯಾ, ನಾಳೆ ಲಾಡ್ಜ್ ಮಾಲೀಕರಮ್ಮ ಬರ್ತಾರೆ. ಹೊಸ ಲಾಡ್ಜಿನ ಎಲ್ಲಾ ರೂಮಿಗೂ ಹಾಸಿಗೆ ಬೇಕಂತೆ. ಈ ಗಿರಾಕಿ ಕೈತಪ್ಪಿದ್ರೆ ನಿನ್ನನ್ನ ಗೋದಾಮಿಗೆ ಹಾಕ್ತೀನಿ. ಅಲ್ಲಿ ನಿನ್ನ ಮುಖ ನೋಡಿ ಹಾಸಿಗೆಗಳು ಏನೂ ಅಂದ್ಕೊಳ್ಳಲ್ಲ."

ಗೋದಾಮು! ಕಿಟಕಿಯಿಲ್ಲ, ಗಿರಾಕಿಯಿಲ್ಲ, ಮಾತಿಗೆ ಒಂದು ನರಪಿಳ್ಳೆಯಿಲ್ಲ. ದಿಂಬಣ್ಣ ಊಟ ಬಿಟ್ಟಾನು, ಮಾತು ಬಿಟ್ಟು ಬದುಕುವ ಪ್ರಾಣಿಯಲ್ಲ. ಅದಕ್ಕೇ ಈ ಪ್ರತಿಜ್ಞೆ.

"ಹೋಗ್ಲಿ, ಕೂತ್ಕೊಳ್ಳಿ" ಎಂದಳು ಹೆಂಡತಿ, ಅವನ ಪಾಡು ನೋಡಲಾರದೆ. ಅವತ್ತು ಅವಳಿಗೆ ರಜೆ. ಆಸ್ಪತ್ರೆಯ ಮುಂದಿನ ಕೌಂಟರಿನಲ್ಲಿ ಕೂತು ರೋಗಿಗಳಿಗೆ ಟೋಕನ್ ಕೊಡುವವಳು. ಎಂಥ ನರಳಾಟಕ್ಕೂ ಜಗ್ಗುವವಳಲ್ಲ. ಅವನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಎರಡು ಟ್ಯೂಬು, ಒಂದು ಪೌಡರ್ ಡಬ್ಬಿ ತಂದಳು.

"ಅಯ್ಯೋ, ಇದೇನೇ ಕಿತ್ತಳೆ ಬಣ್ಣ! ನನ್ನ ಜೋಕರ್ ಮಾಡ್ತೀಯಾ?"

"ಕಪ್ಪನ್ನ ಮೊದಲು ಕಿತ್ತಳೆಯಿಂದ ಕೊಲ್ಲಬೇಕು, ಆಮೇಲೆ ಮೈಬಣ್ಣದಿಂದ ಮುಚ್ಚಬೇಕು. ನೇರ ಮುಚ್ಚಿದ್ರೆ ಬೂದಿ ಬಳಿದ ಹಾಗೆ ಕಾಣುತ್ತೆ. ಅಲ್ಲಾಡಬೇಡಿ."

"ಉಜ್ಜೇ ಉಜ್ಜೇ, ಚೆನ್ನಾಗಿ ಉಜ್ಜು!"

"ಉಜ್ಜೋಕೆ ಇದೇನು ಪಾತ್ರೆನಾ? ಬೆರಳ ತುದೀಲಿ ತಟ್ಟಬೇಕು. ಇನ್ನು ಪೌಡರ್ ಕೂರೋವರೆಗೂ ಬಾಯಿ ಮುಚ್ಕೊಂಡಿರಿ."

ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಕೊನೆಗೆ ಕನ್ನಡಿ ನೋಡಿದರೆ ದಿಂಬಣ್ಣ ತಾನೇ ಬೆರಗಾದ! ಕಪ್ಪಿಲ್ಲ, ಹಚ್ಚಿದ ಗುರುತೂ ಇಲ್ಲ. ಅಪ್ಪನ ಕಡೆಯವರ ಹಂಗು ಹರಿದುಕೊಂಡ ಹೊಸ ಮನುಷ್ಯ!

"ಎಷ್ಟು ಹೊತ್ತಿರುತ್ತೆ?"

"ಸುಮ್ನಿದ್ರೆ ಸಂಜೆವರೆಗೂ ಇರುತ್ತೆ. ಮುಟ್ಟಬೇಡಿ, ಇನ್ನಷ್ಟು ಹಚ್ಚಬೇಡಿ. ಹಚ್ಚಿದ್ದು ಯಾರಿಗೂ ಗೊತ್ತಾಗಬಾರದು, ಇದರ ಗುಟ್ಟೇ ಅದು."

"ಇಷ್ಟೇನಾ! ಇದನ್ನ ನಾನೂ ಮಾಡ್ಕೋಬಹುದಿತ್ತು" ಎಂದು ಉಬ್ಬಿದ ದಿಂಬಣ್ಣ, ಅವಳು ಆ ಕಡೆ ತಿರುಗಿದ ಕೂಡಲೇ ಟ್ಯೂಬುಗಳನ್ನು ಜೇಬಿಗೆ ಇಳಿಸಿದ.

ಅತಿ ಆಸೆ ಗತಿ ಕೇಡು ಎಂದು ಸುಮ್ಮನೆ ಹೇಳಿಲ್ಲ. ಅಂಗಡಿಯ ಬಿಳಿ ಟ್ಯೂಬ್‌ಲೈಟಿನ ಕೆಳಗೆ, ಬೀರುವಿನ ಆಳುದ್ದ ಕನ್ನಡಿಯಲ್ಲಿ ನೋಡಿಕೊಂಡರೆ ಎಡಗಣ್ಣಿನ ಮೂಲೆಯಲ್ಲಿ ಎಲ್ಲೋ ಒಂದು ಎಳೆ ಕಪ್ಪು ಕಂಡಂತಾಯಿತು. ಚೂರು ಹಚ್ಚಿದ. ಈಗ ಎಡಕ್ಕಿಂತ ಬಲ ಕಪ್ಪೆನಿಸಿತು. ಅಲ್ಲಿಗೂ ಚೂರು. ಆಗ ಎಡ ಸಪ್ಪೆಯಾಯಿತು! ಹೀಗೆ ಎಡಬಲಗಳಿಗೆ ನ್ಯಾಯ ಒದಗಿಸುತ್ತ ಒದಗಿಸುತ್ತ ಟ್ಯೂಬು ಅರ್ಧಕ್ಕೆ ಬಂತು.

ಯಜಮಾನರು ಬಂದವರೇ ಹೌಹಾರಿದರು. "ಏನಯ್ಯಾ ಇದು, ಮುಖಕ್ಕೆ ಸುಣ್ಣ ಹೊಡೆಸಿದ್ದೀಯಾ?"

ಒರೆಸಿಕೊಳ್ಳಲು ಕರವಸ್ತ್ರ ತೆಗೆಯುವಷ್ಟರಲ್ಲಿ ಲಾಡ್ಜ್ ಮಾಲೀಕರಮ್ಮ ಒಳಗೆ ಕಾಲಿಟ್ಟಾಗಿತ್ತು.

ಆಕೆ ಕಟ್ಟುನಿಟ್ಟಿನ ಹೆಂಗಸು. ದಿಂಬಣ್ಣನ ಭಾಷಣವನ್ನು ಒಂದು ಕಿವಿಯಲ್ಲಿ ಕೇಳಿ, ಕೈಚೀಲದಿಂದ ಅಳತೆ ಟೇಪು ತೆಗೆದು ಹೇಳಿದರು: "ಮಾತು ಸಾಕಪ್ಪ. ನಮ್ಮ ಲಾಡ್ಜಿಗೆ ಬರೋ ಅರ್ಧ ಜನ ಬೋರಲು ಮಲಗ್ತಾರೆ. ನೀವು ಬೋರಲು ಮಲಗಿ ತೋರಿಸಿ. ಹಾಸಿಗೆ ಎಷ್ಟು ತಗ್ಗುತ್ತೆ ನೋಡ್ತೀನಿ."

ದಿಂಬಣ್ಣನ ಜೀವ ಬಾಯಿಗೆ ಬಂತು. ಹಾಸಿಗೆ ಹಾಲಿನಷ್ಟು ಬಿಳಿ. ಕಣ್ಣಿನ ಸುತ್ತ ಹಸಿ ಹಸಿ ಬಣ್ಣ! ಹೊಟ್ಟೆಯ ಮೇಲೆ ಮಲಗಿ ಕತ್ತು ಮಾತ್ರ ಎತ್ತಿ ಹಿಡಿದ.

"ತಲೆ ಇಳಿಸಪ್ಪ! ಹಾಗೆ ಯಾರು ಮಲಗ್ತಾರೆ? ನಾನು ಲಾಡ್ಜ್ ಕಟ್ಟಿಸಿರೋದು ಮನುಷ್ಯರಿಗೆ, ಮೊಸಳೆಗಳಿಗಲ್ಲ."

"ಇಳಿಸಯ್ಯಾ!" ಎಂದು ಯಜಮಾನರೂ ಹಲ್ಲು ಕಚ್ಚಿದರು. ಇಳಿಸಿದ. ಮೇಲೆ ಫ್ಯಾನಿನ ಗಾಳಿ, ಕೆಳಗೆ ಅಂಗಡಿಯಲ್ಲೇ ಅತಿ ಮೆತ್ತನೆಯ ಹಾಸಿಗೆ, ಆಕೆ ಸುತ್ತ ಸುತ್ತಿ ನಿಧಾನವಾಗಿ ಅಳತೆ ಹಿಡಿಯುತ್ತಿದ್ದಾರೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ದಿಂಬಣ್ಣನಿಗೆ ಬೆಟ್ಟದಷ್ಟು ಚಿಂತೆಯಿತ್ತು. ಆದರೂ ಬಂತು!

ಯಾರೋ ಭುಜ ಹಿಡಿದು ಅಲುಗಿಸಿದಾಗ ಎಚ್ಚರವಾಯಿತು. ಮಂಚದ ಸುತ್ತ ಇಡೀ ಅಂಗಡಿಯೇ ನೆರೆದಿತ್ತು.

"ಏನ್ ಗೊರಕೆ ಅಪ್ಪಾ!" ಎಂದರು ಮಾಲೀಕರಮ್ಮ. "ಹೊರಗಡೆ ಯಾರೋ ಲಾರಿ ಸ್ಟಾರ್ಟ್ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ."

ದಿಂಬಣ್ಣ ಧಡಕ್ಕನೆ ಎದ್ದ. ಎದ್ದ ಜಾಗದಲ್ಲಿ ಎರಡು ದೊಡ್ಡ ಕಣ್ಣುಗಳು ಹಾಸಿಗೆಯಿಂದ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದವು! ಮಾಲೀಕರಮ್ಮ ಹಾಸಿಗೆಯ ಕಣ್ಣು ನೋಡಿದರು. ಬಳಿಕ ತಲೆಯೆತ್ತಿ ಅವನ ಕಣ್ಣು ನೋಡಿದರು. ಬಣ್ಣವೆಲ್ಲ ಹಾಸಿಗೆಯ ಪಾಲಾಗಿ, ಅರ್ಧಚಂದ್ರಗಳೆರಡೂ ಲಕಲಕ ಹೊಳೆಯುತ್ತಿದ್ದವು. ಗೋದಾಮಿನ ಬಾಗಿಲು ಕಿರ್ರೆಂದು ತೆರೆದುಕೊಂಡ ಸದ್ದು ದಿಂಬಣ್ಣನೊಬ್ಬನಿಗೇ ಕೇಳಿಸಿತು.

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಕಣ್ಣು ನೋಡಿದ್ರೆ ನೀವು ನಿದ್ದೆ ಕಂಡು ವರ್ಷಗಳೇ ಆಗಿವೆ. ಅಂಥವರನ್ನ ಈ ಹಾಸಿಗೆ ಹಾಡುಹಗಲು, ಇಷ್ಟು ಜನರ ಮಧ್ಯೆ ಕೆಡವಿಬಿಡ್ತಲ್ಲ! ಯಜಮಾನರೇ, ಎಲ್ಲಾ ರೂಮಿಗೂ ಇದೇ ಹಾಸಿಗೆ ಕಳ್ಸಿ. ಈ ಕಣ್ಣಿರೋದೊಂದು ಬೇಡ."

ಯಜಮಾನರು ಖುಷಿಯಲ್ಲಿ ಅವನನ್ನು ಅರ್ಧ ದಿನಕ್ಕೇ ಮನೆಗೆ ಕಳಿಸಿದರು. ದಿಂಬಣ್ಣ ನೆಲದ ಮೇಲೆ ನಡೆಯಲಿಲ್ಲ, ತೇಲಿದ. ಹೆಂಡತಿ ಬಾಗಿಲಿಗೆ ಬೆನ್ನು ಮಾಡಿ ಒಗೆದ ಬಟ್ಟೆ ಮಡಚುತ್ತಿದ್ದಳು. ಅವನು ಚಪ್ಪಲಿ ಬಿಡುವ ಮೊದಲೇ ವಿಜಯದ ವರದಿ ಒಪ್ಪಿಸಿಬಿಟ್ಟ.

"ಎಲ್ಲಾ ಸರಿ. ಆದರೆ ಒಂದೇ ಬೇಜಾರು ಕಣೇ. ನಾನು ಗೊರಕೆ ಹೊಡೆದೆನಂತೆ! ನಾನು! ಲಾರಿ ಥರ ಅಂತೆ! ಎಂಥ ಸುಳ್ಳು ನೋಡು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನೀನೇ ಹೇಳು, ಒಂದು ದಿನ ಆದರೂ ನನ್ನಿಂದ ನಿನ್ನ ನಿದ್ದೆ ಕೆಟ್ಟಿದೆಯಾ?"

ಹೆಂಡತಿ ಮಡಚುವುದನ್ನು ನಿಲ್ಲಿಸಿ ನಿಧಾನವಾಗಿ ಇತ್ತ ತಿರುಗಿದಳು. ದಿಂಬಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಅವಳ ಕಣ್ಣಿನ ಕೆಳಗೆ ಕಪ್ಪು! ಅರ್ಧಚಂದ್ರವಲ್ಲ, ಪೂರ್ತಿ ಅಮಾವಾಸ್ಯೆ! ಅದರ ಮುಂದೆ ಇವನದು ಏನೇನೂ ಅಲ್ಲ.

"ಅಯ್ಯೋ, ಇದೇನೇ ಇದು! ಹುಷಾರಿಲ್ವಾ? ಯಾವಾಗಿಂದ?"

"ಮದುವೆ ಆದಾಗಿಂದ."

"ನಾನು ನೋಡೇ ಇಲ್ವಲ್ಲ!"

"ಹೇಗೆ ನೋಡ್ತೀರಿ? ನೀವು ಮಲಗಿದ ಮೇಲೆ ತೊಳ್ಕೊಂಡು, ನೀವು ಏಳೋ ಮೊದಲೇ ಹಚ್ಕೊಂಡಿರ್ತೀನಿ. ಇವತ್ತು ಸ್ನಾನ ಮಾಡಿ ಬಂದು ನೋಡಿದ್ರೆ ಟ್ಯೂಬುಗಳೇ ಇಲ್ಲ."

ದಿಂಬಣ್ಣ ಜೇಬಿನಿಂದ ಟ್ಯೂಬುಗಳನ್ನು ಹೊರತೆಗೆದ. ಇಷ್ಟು ವರ್ಷ ಎದುರಿಗೇ ಇದ್ದ ಮುಖವನ್ನು ತಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲವೆಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಅಲ್ಲ ಕಣೇ, ನಿಮ್ಮ ಅಪ್ಪನ ಕಡೆ ಯಾರಿಗೂ ಇದು ಇಲ್ಲವಲ್ಲ?"

"ಇಲ್ಲ ರೀ" ಎಂದಳು ಅವಳು, ಟ್ಯೂಬಿಗಾಗಿ ಕೈ ಚಾಚುತ್ತ. "ನಿಮಗೆ ಅಪ್ಪನ ಕಡೆಯಿಂದ ಬಂತು. ನನಗೆ ಗಂಡನ ಕಡೆಯಿಂದ!"