ಗೋಡೆಯ ಮೇಲಿನ ಜಯವರ್ಮ

ಬಂಟ್ವಾಳ ಪೇಟೆಯ ಬಾವಾನ ಫೋಟೋ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಒಂದು ಕರಿ ಕೋಟು. ಫೋಟೋ ತೆಗೆಸಲು ಬಂದವರು ದಪ್ಪಗಿರಲಿ, ಸಪೂರ ಇರಲಿ, ಅದನ್ನೇ ತೊಟ್ಟು ಕುಳಿತುಕೊಳ್ಳಬೇಕು. ಸಪೂರದವರಿಗೆ ಬಾವಾ ಹಿಂದಿನಿಂದ ಪಿನ್ನು ಸಿಕ್ಕಿಸುತ್ತಿದ್ದ. ದಪ್ಪದವರ ಅನುಕೂಲಕ್ಕೆ ಬೆನ್ನಿನ ಹೊಲಿಗೆಯನ್ನೇ ಬಿಚ್ಚಿಟ್ಟಿದ್ದ. ಎದುರಿನಿಂದ ನೋಡಿದರೆ ಎಲ್ಲರೂ ಮಂತ್ರಿಗಳೇ. ಹಿಂದಿನಿಂದ ನೋಡಿದವನು ಬಾವಾ ಒಬ್ಬನೇ.

ಪಾಣೆಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಜಯವರ್ಮ ಆ ಕೋಟಿನೊಳಗೆ ಕೂತದ್ದು ಮದುವೆಗಾಗಿ. ಮೂವತ್ತೆರಡು ದಾಟಿತ್ತು, ನಾಲ್ಕು ಕಡೆಯಿಂದ ‘ಮತ್ತೆ ತಿಳಿಸುತ್ತೇವೆ’ ಎಂಬ ಉತ್ತರ ಬಂದಿತ್ತು. ಈ ಸಲ ಮೊದಲು ಫೋಟೋ ಹೋಗಲಿ, ನೀನು ಆಮೇಲೆ ಹೋದರೆ ಸಾಕು ಎಂದು ಕಮಲಾವತಿ ಅತ್ತೆ ತೀರ್ಮಾನಿಸಿದ್ದರು.

ಅದೇ ದಿನ ಅದೇ ಕೋಟಿನಲ್ಲಿ ಮರದ ವ್ಯಾಪಾರಿ ಹುಕ್ರಪ್ಪನವರೂ ಫೋಟೋ ತೆಗೆಸಿಕೊಂಡರು. ಅವರು ಲೋಕಸಭೆಗೆ ನಿಂತಿದ್ದರು, ಪಕ್ಷ ಇಲ್ಲದೆ, ಕೊಡೆ ಗುರುತಿನಲ್ಲಿ. ಹಿಂದೆ ಎರಡು ಸಲ ನಿಂತು ಎರಡು ಸಲವೂ ಠೇವಣಿ ಕಳಕೊಂಡಿದ್ದರು. ಆಗೆಲ್ಲ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇ ತಪ್ಪಾಯಿತು ಎಂದು ಅವರಿಗೆ ಜ್ಞಾನೋದಯವಾಗಿತ್ತು. ಓದುವವರು ವೋಟು ಹಾಕುವುದಿಲ್ಲ, ವೋಟು ಹಾಕುವವರು ಓದುವುದಿಲ್ಲ. ಆದ್ದರಿಂದ ಈ ಸಲದ ಪೋಸ್ಟರಿನಲ್ಲಿ ಹೆಸರೇ ಇಲ್ಲ. ಮೇಲೆ ದೊಡ್ಡ ಫೋಟೋ, ಕೆಳಗೆ ಕೊಡೆ, ಅಷ್ಟೇ.

ಬಾವಾ ಫೋಟೋಗಳನ್ನು ಕವರಿಗೆ ಹಾಕುವಾಗ ಕೋಟು ಒಂದೇ, ಹಿಂದಿನ ಪರದೆಯ ಅರಮನೆ ಒಂದೇ. ಜಯವರ್ಮನ ಫೋಟೋದ ಒಂದು ಪ್ರತಿ ತಪ್ಪಿ ಹುಕ್ರಪ್ಪನವರ ಕವರಿಗೆ ಹೋಯಿತು. ಕವರನ್ನು ಯಾರೂ ಬಿಚ್ಚದೆ ಮಂಗಳೂರಿನ ಪ್ರೆಸ್ಸಿಗೆ ಕೊಟ್ಟರು. ಪೋಸ್ಟರು ಹಚ್ಚುವವರು ಮೂಡಬಿದ್ರೆಯಿಂದ ಶುರು ಮಾಡಿ, ಗೋಡೆ ಸಿಕ್ಕಲ್ಲೆಲ್ಲ ಹಚ್ಚುತ್ತಾ ಹಚ್ಚುತ್ತಾ ಮೂರು ದಿನಕ್ಕೆ ಪಾಣೆಮಂಗಳೂರಿಗೆ ತಲುಪಿದರು.

ಅದು ಭಾನುವಾರ. ಮೂಡಬಿದ್ರೆಯ ಜವಳಿ ವ್ಯಾಪಾರಿ ಅಭಯಚಂದ್ರರ ಮಗಳು ಮನೋರಮಾಳನ್ನು ನೋಡಲು ಹೋಗುವ ದಿನ. ಜೈನರ ಮನೆ, ಊಟ ಹೊತ್ತು ಮುಳುಗುವ ಮೊದಲೇ ಆಗಬೇಕು, ಅಷ್ಟರೊಳಗೆ ಬನ್ನಿ ಎಂದು ಹೇಳಿ ಕಳಿಸಿದ್ದರು. ಇಸ್ತ್ರಿ ಹಾಕಿದ ಅಂಗಿ, ಬಿಸಿಲಿಗೊಂದು ಕೊಡೆ ಹಿಡಿದು ಹೊರಟ ಜಯವರ್ಮ ಹೊಳೆ ದಾಟುವ ಸಂಕದ ಬುಡದಲ್ಲೇ ನಿಂತುಬಿಟ್ಟ. ಕಟ್ಟೆಯ ಮೇಲಿಂದ ಹನ್ನೆರಡು ಮಂದಿ ಜಯವರ್ಮರು ಅವನನ್ನೇ ನೋಡುತ್ತಿದ್ದರು.

ಬಂಟ್ವಾಳದ ಬಸ್ಸಿನ ಕಟ್ಟೆಯಲ್ಲಿ ಕಾಯುತ್ತಿದ್ದ ಕಮಲಾವತಿ ಅತ್ತೆ ಆಗಲೇ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

“ಎಂಥ ಮಾಡಿದೆ ಮಾರಾಯ? ಎಲೆಕ್ಷನಿನವರು ಅಂದ್ರೆ ಅಭಯಚಂದ್ರರಿಗೆ ಮೈ ಉರಿಯುತ್ತದೆ. ಹೋದ ಸಲ ವೋಟು ಕೇಳಲು ಬಂದವರಿಗೆ ಕಾಲು ತೊಳೆಯಲಿಕ್ಕೂ ನೀರು ಕೊಡಲಿಲ್ಲ.”

“ನಾನೆಂಥ ಮಾಡಿದೆ ಅತ್ತೆ, ನಾನು ಕೋಟು ಹಾಕಿದ್ದು ಮಾತ್ರ.”

ಅಭಯಚಂದ್ರರ ಕೈಯಲ್ಲಿ ಹುಡುಗನ ಫೋಟೋ ಉಂಟು, ಊರ ಗೋಡೆಯಲ್ಲೂ ಅದೇ ಫೋಟೋ ಉಂಟು. ಬಾಯಿಮಾತಿನಲ್ಲಿ ಇದು ಮುಗಿಯುವುದಿಲ್ಲ, ಹುಕ್ರಪ್ಪನವರ ಕೈಯಿಂದಲೇ ಒಂದು ಕಾಗದ ಬರೆಸಿಕೊಂಡು ಹೋಗುವ ಎಂದು ಅತ್ತೆ ಹೇಳಿದರು. ಹನ್ನೊಂದರ ಬಸ್ಸು ಹೋದರೆ ಹೋಗಲಿ.

ಹುಕ್ರಪ್ಪನವರ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಜಯವರ್ಮ ಕಾಲಿಡುತ್ತಲೇ ಎಲ್ಲರೂ ಎದ್ದು ಕೈಮುಗಿದರು. ಹುಕ್ರಪ್ಪನವರು ಬಾಗಿಲಿಗೆ ಬಂದಾಗ ಯಾರೂ ಏಳಲಿಲ್ಲ. ಅವರದ್ದು ಹುಳಿ ಅಂಬಟೆ ಕಚ್ಚಿದವರ ಹಾಗಿನ ಮುಖ.

ಪೋಸ್ಟರನ್ನು ಕೂಡಲೇ ಕೀಳಿಸಬೇಕು ಎಂದು ಜಯವರ್ಮ ಬೇಡಿಕೊಂಡ. ಹುಕ್ರಪ್ಪನವರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಕೀಳಿಸುವುದಾ? ನೋಡಿ, ಈ ಮುಖಕ್ಕೆ ಎರಡು ಸಲ ಠೇವಣಿ ಹೋಗಿದೆ. ನಿಮ್ಮ ಮುಖ ಹಚ್ಚಿ ಮೂರು ದಿನ ಆಯಿತು, ಸಿದ್ದಕಟ್ಟೆಯಲ್ಲಿ ಹೆಂಗಸರು ಅದಕ್ಕೆ ಮಲ್ಲಿಗೆ ಸಿಕ್ಕಿಸ್ತಾ ಇದ್ದಾರೆ. ನನ್ನ ಹೆಂಡತಿಯೇ ಹೇಳಿದಳು, ಈ ಸಲ ನಿಮಗೆ ವೋಟು ಹಾಕಬಹುದು ಅಂತ.”

“ನನ್ನ ಮದುವೆ ನಿಂತುಹೋಗ್ತದೆ ಹುಕ್ರಪ್ಪಣ್ಣ.”

ಕೊನೆಗೆ ಒಪ್ಪಂದವಾಯಿತು. ಪೋಸ್ಟರು ಇದ್ದಲ್ಲೇ ಇರುವುದು, ವೋಟಿನ ದಿನದವರೆಗೆ ಜಯವರ್ಮ ಮೀಸೆ ತೆಗೆಯದಿರುವುದು. ಪ್ರತಿಯಾಗಿ ಹುಕ್ರಪ್ಪನವರು ತಮ್ಮ ಹೆಸರಿದ್ದ ಕಾಗದದಲ್ಲಿ ಬರೆದುಕೊಟ್ಟರು: ‘ಈ ಪತ್ರ ತಂದವರು ಕೇವಲ ಗುಮಾಸ್ತರು. ಇವರಿಗೂ ರಾಜಕೀಯಕ್ಕೂ ಯಾವ ಸಂಬಂಧವೂ ಇಲ್ಲ, ಮುಂದೆಯೂ ಬರಲಾರದು.’ ಕೆಳಗೆ ರುಜು, ಮೇಲೆ ಮರದ ಡಿಪೋದ ಸೀಲು.

ಎರಡು ಗಂಟೆಯ ಬಸ್ಸಿನಲ್ಲಿ ಜಯವರ್ಮ ಮುಖ ಮರೆಸಲು ಕೊಡೆಯನ್ನು ಅರ್ಧ ಬಿಡಿಸಿ ಅದರ ಹಿಂದೆ ಕೂತ. ಅದೇ ತಪ್ಪಾಯಿತು. ಬಸ್ಸಿನೊಳಗೆ ಯಾರು ಕೊಡೆ ಬಿಡಿಸುತ್ತಾರೆ? ಮಲ್ಲಿಗೆ ಮಾರುವ ಪೂವಮ್ಮ ಬಗ್ಗಿ ನೋಡಿ, ಗುರುತಿನ ಕೊಡೆಯನ್ನೇ ಹಿಡಕೊಂಡು ಹೊರಟಿದ್ದಾರಲ್ಲ ಎಂದರು. ಬಸ್ಸಿಗೆ ಬಸ್ಸೇ ಅವನ ಕಡೆ ತಿರುಗಿತು.

ಪೂವಮ್ಮನಿಗೆ ತಮ್ಮ ಊರಿನ ತೋಡು ದಾಟಲು ಒಂದು ಕಾಲುಸಂಕ ಬೇಕಿತ್ತು. ಈ ಕಣ್ಣು ನೋಡಿ, ಇದು ಸುಳ್ಳು ಹೇಳುವ ಕಣ್ಣಾ ಎಂದು ಅವರು ಬಸ್ಸಿನವರನ್ನೆಲ್ಲ ಕೇಳಿದರು. ಹಿಂದಿನ ಸೀಟಿನ ಡೊಂಬಯ್ಯ ಅದೇ ಕಣ್ಣನ್ನು ನೋಡಿ, ಇದು ಸಿಮೆಂಟು ತಿನ್ನುವ ಕಣ್ಣು, ನನಗೆ ಪೋಸ್ಟರಿನಲ್ಲೇ ಗೊತ್ತಾಗಿತ್ತು ಎಂದ. ಇಬ್ಬರೂ ಆ ಮುಖವನ್ನು ಜನ್ಮದಿಂದ ಕಂಡವರ ಹಾಗೆ ವಾದಿಸಿದರು. ಮುಖದ ಯಜಮಾನನನ್ನು ಯಾರೂ ಕೇಳಲಿಲ್ಲ.

“ನಾನು ಅವರಲ್ಲ,” ಎಂದ ಜಯವರ್ಮ ನಡುವೆ ಬಾಯಿ ಹಾಕಿ. “ನಾನು ಏನೂ ಅಲ್ಲ.”

“ಕೇಳಿದಿರಾ?” ಎಂದರು ಪೂವಮ್ಮ. “ಹೋದ ಸಲದವರು ಎಲ್ಲವೂ ನಾನೇ ಅಂದಿದ್ದರು. ಇವರಿಗೆ ಎಷ್ಟು ವಿನಯ.”

ಕಂಡಕ್ಟರ್ ಅಬೂಬಕ್ಕರ್ ಅವನ ಟಿಕೇಟಿನ ದುಡ್ಡನ್ನು ಮುಟ್ಟಲೇ ಇಲ್ಲ. ಸಿದ್ದಕಟ್ಟೆಯಲ್ಲಿ ಜನ ಬಸ್ಸು ನಿಲ್ಲಿಸಿ ಅವನಿಗೆ ಹಾರ ಹಾಕಿದರು. ಎದುರು ಪಕ್ಷದ ಗುಂಪಿನವರು ಕಾಯುತ್ತಾ ಇದ್ದು ಕಿಟಕಿಯಿಂದ ಒಂದು ಹಿಡಿ ಸೆಗಣಿ ಎಸೆದರು. ಹಾರವೂ ಸೆಗಣಿಯೂ ಇಸ್ತ್ರಿಯ ಅಂಗಿಯ ಮೇಲೆ ಅಕ್ಕಪಕ್ಕದಲ್ಲೇ ಕೂತವು. ಅತ್ತೆ ಸೆರಗಿನಿಂದ ಒರೆಸುತ್ತಾ, ಕಾಗದ ಒದ್ದೆಯಾಗದ ಹಾಗೆ ನೋಡಿಕೋ ಎಂದು ಮತ್ತೆ ಮತ್ತೆ ಹೇಳಿದರು.

ಮೂಡಬಿದ್ರೆಯ ಜೈನಪೇಟೆಗೆ ಮುಟ್ಟುವಾಗ ಸೂರ್ಯ ತೆಂಗಿನ ಮರದ ಎತ್ತರಕ್ಕೆ ಇಳಿದಿದ್ದ. ಅಭಯಚಂದ್ರರ ಚಾವಡಿಯಲ್ಲಿ ಹತ್ತು ಹದಿನೈದು ಮಂದಿ ನೆಂಟರು ಸೇರಿದ್ದರು. ಒಬ್ಬರ ಕೈಯಲ್ಲಿ ಮಡಚಿದ ಅರ್ಜಿಯಿತ್ತು. ಗೋಡೆಯಲ್ಲಿ ಗೊಮ್ಮಟಸ್ವಾಮಿಯ ಪಟದ ಪಕ್ಕದಲ್ಲೇ ಪೋಸ್ಟರು. ಅದಕ್ಕೆ ಕಟ್ಟು ಹಾಕಿಸಿ ಗಾಜು ಕೂರಿಸಿದ್ದರು.

ಸಾಕ್ಷಿಗೆ ಅಂತ ಜೋಪಾನ ಮಾಡಿ ಇಟ್ಟಿದ್ದಾರೆ ಎಂದುಕೊಂಡ ಜಯವರ್ಮ. ಪೋಸ್ಟರಿಗೆ ಕಟ್ಟು ಹಾಕಿಸಿದ್ದನ್ನು ಕಂಡ ಅತ್ತೆಗೆ ಮಾತ್ರ ಬೇರೆಯೇ ಏನೋ ಹೊಳೆಯಿತು. ಅವರು ಅವನ ಕಾಲನ್ನು ಮೆಟ್ಟಿದರು. ಬೇಗ ಕೊಡು ಎನ್ನುತ್ತಿದ್ದಾರೆ ಎಂದು ತಿಳಿದು ಅವನು ಕಾಗದ ತೆಗೆದ. ಅತ್ತೆ ಇನ್ನೂ ಜೋರಾಗಿ ಮೆಟ್ಟಿದರು. ಅವನು ಇನ್ನೂ ಬೇಗ ಕೊಟ್ಟ.

ಅಭಯಚಂದ್ರರು ಕನ್ನಡಕ ಹಾಕಿ ನಿಧಾನಕ್ಕೆ ಓದಿದರು. ಕಾಗದ ನೆಂಟರ ಕೈಯಿಂದ ಕೈಗೆ ಚಾವಡಿಯನ್ನೆಲ್ಲ ಸುತ್ತಿತು. ಅರ್ಜಿ ಹಿಡಿದವರು ಅದನ್ನು ಮೆಲ್ಲನೆ ಜೇಬಿಗೆ ಇಳಿಸಿದರು. ಬೆಲ್ಲದ ನೀರಿನ ತಂಬಿಗೆ ಹಿಡಿದು ಬಂದ ಮನೋರಮಾ ಬಾಗಿಲಲ್ಲೇ ನಿಂತಳು.

“ಹಾಗಾದರೆ ದಿಲ್ಲಿಗೆ ಹೋಗುವವರು ನೀವಲ್ಲ,” ಎಂದರು ಅಭಯಚಂದ್ರರು.

“ಖಂಡಿತಾ ಅಲ್ಲ,” ಎಂದ ಜಯವರ್ಮ ಹೆಮ್ಮೆಯಿಂದ. “ನಾನು ಪಾಣೆಮಂಗಳೂರು ದಾಟುವುದೇ ಅಪರೂಪ.”

ಅಭಯಚಂದ್ರರು ಉಸಿರುಬಿಟ್ಟರು. ಎಲೆಕ್ಷನಿನವರನ್ನು ಕಂಡರೆ ತಮಗಾಗುತ್ತಿರಲಿಲ್ಲ, ನಿಜ. ಆದರೆ ಈ ಪೋಸ್ಟರು ನೋಡಿದ ಮೇಲೆ ಇಂಥವರೂ ಇರುತ್ತಾರಲ್ಲ ಎಂದು ಮನಸ್ಸು ತಿರುಗಿತು, ಅಳಿಯ ಅಂದರೆ ಇವರೇ ಎಂದು ಪೇಟೆಯವರಿಗೆಲ್ಲ ಹೇಳಿಯಾಗಿದೆ ಎಂದು ವಿವರಿಸಿದರು.

“ಆ ಫೋಟೋ ನನ್ನದೇ,” ಎಂದ ಜಯವರ್ಮ. ಈಗ ಅವನ ಸ್ವರ ಸಣ್ಣದಾಗಿತ್ತು. “ಮುಖ ನನ್ನದೇ ಅಲ್ವಾ?”

ಅಭಯಚಂದ್ರರು ಗೋಡೆಯನ್ನು ನೋಡಿದರು. ಅವನನ್ನು ನೋಡಿದರು. ಪುನಃ ಗೋಡೆಯನ್ನೇ ನೋಡಿದರು.

“ಇರಬಹುದು,” ಎಂದು ಎದ್ದರು. “ಹೊತ್ತು ಮುಳುಗ್ತದೆ, ಊಟ ಮಾಡಿಯೇ ಹೋಗಿ. ಹುಕ್ರಪ್ಪನವರಿಗೆ ಹೇಳಿ, ಚಿಂತೆ ಬೇಡ, ನಮ್ಮ ಮನೆಯ ಒಂಬತ್ತು ವೋಟೂ ಈ ಫೋಟೋಕ್ಕೇ. ಹುಡುಗಿಯ ವಿಷಯ ಮಾತ್ರ... ಮತ್ತೆ ತಿಳಿಸುತ್ತೇವೆ.”