ಟವೆಲ್ಲು ಕಂಡು ಸೊನ್ನೆ ಬರೆದ ಸಂಶೋಧಕರಿಗೆ

ನಗರ ಸಂಚಾರ ನೀತಿಯ ಘನ ಸಂಶೋಧಕರಾದ ಮಾನ್ಯ ಗವಿಸಿದ್ದೇಶ್ ಅವರೇ, ಕುರುಗೋಡು ಬಸ್ ನಿಲ್ದಾಣದ ಸಮಸ್ತ ಪ್ರಯಾಣಿಕರ ಪರವಾಗಿ ತಮಗೆ ಶರಣು.

ಎಲ್ಲ ಸೊಂಟಕ್ಕೂ ಒಂದೇ ಅಳತೆಯ ಪ್ಯಾಂಟು ಹೊಲಿದಂತೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರನ್ನೂ ಒಂದೇ ವಿಧಾನದಿಂದ ಅಳೆದ ತಮ್ಮ ವರದಿಯನ್ನು ಪತ್ರಿಕೆಯಲ್ಲಿ ಓದಿ ಸಂತೋಷಕ್ಕೆ ತಲೆ ತಿರುಗಿತು. ನಮ್ಮೂರ ಬೆಳಗಿನ ಬಳ್ಳಾರಿ ಬಸ್ಸಿನಲ್ಲಿ ಪ್ರಯಾಣಿಕರೇ ಇಲ್ಲವೆಂದು ತಾವು ಕಂಡುಹಿಡಿದಿರಿ, ಮೇಲಿನವರು ಅದನ್ನು ನಂಬಿ ಬಸ್ಸನ್ನೇ ತೆಗೆದರು. ಅದೇ ಬಸ್ಸಿನಲ್ಲಿ ದಿನಾ ಬಳ್ಳಾರಿಯ ಗಾಂಧಿನಗರದ ಜೀನ್ಸ್ ಹೊಲಿಗೆ ಅಂಗಡಿಗೆ ಹೋಗುತ್ತಿದ್ದ ನಾನು ಅಸಲಿಗೆ ಇಲ್ಲವೇ ಇಲ್ಲ ಎಂಬುದು ನನಗೆ ಆಗಲೇ ತಿಳಿದದ್ದು.

ಬಸ್ಸು ಬಂದು ನಿಂತ ಕೂಡಲೇ ಕಿಟಕಿಯಿಂದ ಟವೆಲ್ಲೋ ಚೀಲವೋ ಒಗೆದು ಸೀಟು ಹಿಡಿದು, ಡ್ರೈವರ್ ಹಾರ್ನ್ ಹೊಡೆಯುವವರೆಗೆ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವುದು ನಮ್ಮ ಕಡೆಯ ಪದ್ಧತಿ. ತಾವು ಸರಿಯಾಗಿ ಅದೇ ಹೊತ್ತಿಗೆ ಬಸ್ಸಿನೊಳಗೆ ಇಣುಕಿ, ಬರೀ ಟವೆಲ್ಲು ಕಂಡು, ಸೊನ್ನೆ ಬರೆದು ಕಾರು ಹತ್ತಿದಿರಿ. ಮಂದಿ ಹೋಟ್ಲಾಗ ಅದಾರ್ರಿ ಸರ್ ಎಂದು ಕಂಡಕ್ಟರ್ ಜೋಗಪ್ಪ ಹೇಳಬಂದರೆ, ಸ್ಥಳೀಯರ ಮಾತು ಕೇಳಿದರೆ ಅಧ್ಯಯನ ಕೆಡುತ್ತದೆಂದು ಕೈಬೀಸಿದಿರಂತೆ. ಬಳ್ಳಾರಿ ನಿಲ್ದಾಣದಲ್ಲಿ ಮಾತ್ರ ನೆರಳಿಗೆ ಮಲಗಿದವರನ್ನೆಲ್ಲ, ಜೊತೆಗಿದ್ದ ಆಡುಗಳ ಸಮೇತ, ಪ್ರಯಾಣಿಕರೆಂದು ಎಣಿಸಿ ಹೆಚ್ಚುವರಿ ಬಸ್ಸು ಕೊಡಿಸಿದ ತಮ್ಮ ಔದಾರ್ಯವನ್ನು ಆ ಆಡುಗಳು ಜನ್ಮದಲ್ಲಿ ಮರೆಯಲಾರವು.

ಈಗ ಸಿಕ್ಕ ಟಂಟಂ ಆಟೋದಲ್ಲಿ ಜೋತಾಡಿಕೊಂಡು ಹೋಗುವ ನನಗೆ ದಿನಾ ತಡ. ಬರುವ ಸೋಮವಾರವೂ ತಡವಾದರೆ ನನ್ನ ಮಷೀನನ್ನು ಬೇರೆಯವಳಿಗೆ ಕೊಡುವುದಾಗಿ ಅಂಗಡಿಯ ಮೇಸ್ತ್ರಿ ಜಡೆಪ್ಪನವರು ಹೇಳಿದ್ದಾರೆ. ನಗುನಗುತ್ತ ಬರೆಯುತ್ತಿದ್ದರೂ ನನಗೆ ಖರೇನೇ ಹೆದರಿಕೆಯಾಗಿದೆ. ಆದ್ದರಿಂದ ತಾವು ದಯಮಾಡಿ ಟವೆಲ್ಲುಗಳಿಗೆ ಪ್ರಯಾಣಿಕರ ಸ್ಥಾನಮಾನವನ್ನೂ, ಸಾಧ್ಯವಾದರೆ ಮತದಾನದ ಹಕ್ಕನ್ನೂ ಕೊಡಿಸಬೇಕು. ಆಗದಿದ್ದರೆ ಜಡೆಪ್ಪನವರ ಗಡಿಯಾರವನ್ನು ತಮ್ಮ ವಿಧಾನದಿಂದ ಅಳೆದು ಅದರಲ್ಲಿ ಮುಳ್ಳುಗಳೇ ಇಲ್ಲವೆಂದು ವರದಿ ಬರೆಯಬೇಕು. ಅದೂ ಕಷ್ಟವೆನಿಸಿದರೆ ಸೋಮವಾರದೊಳಗೆ ನಮ್ಮ ಬಸ್ಸನ್ನು ವಾಪಸ್ ಕೊಡಿಸಬೇಕು.

ತಮ್ಮ ಎಣಿಕೆಗೆ ಸಿಗದಿದ್ದರೂ ತಮ್ಮ ವಿಶ್ವಾಸಿ,
ಶಶಿರೇಖಾ, ಕುರುಗೋಡು

ವಿ.ಸೂ.: ಪತ್ರ ಬರೆದಿಟ್ಟ ಮರುದಿನ, ಅಂದರೆ ಇಂದು ಮುಂಜಾನೆ, ತಮ್ಮ ಕಾರು ಊರ ಹೊರಗೆ ಕೆಟ್ಟು ನಿಂತದ್ದನ್ನು ಕಂಡೆವು. ನಮ್ಮ ಟಂಟಂ ಓಡಿಸುವ ಗಾಳೆಪ್ಪ, ಇನ್ನೂ ಜಾಗ ಐತಿ, ಹತ್ರಿ ಸರ್ ಎಂದು ಕರೆದರೂ, ಇಷ್ಟು ಮಂದಿಯ ಮಧ್ಯೆ ಬೇಡ, ಬೆಳಗಿನ ಬಳ್ಳಾರಿ ಬಸ್ಸಿಗೆ ಬರುತ್ತೇನೆ ಎಂದಿರಿ. ಊರಿಗೆ ಬಂದವರ ಮನಸ್ಸು ನೋಯಿಸಬಾರದೆಂದು ನಾವ್ಯಾರೂ ಬಾಯಿ ಬಿಡಲಿಲ್ಲ. ಪತ್ರವನ್ನು ತಾವು ಆ ಬಸ್ಸಿಗೆ ಕಾದು ನಿಂತಲ್ಲಿಗೇ ಕಳಿಸುತ್ತಿದ್ದೇನೆ; ಓದಲು ತಮಗೆ ಬೇಕಾದಷ್ಟು ಪುರುಸೊತ್ತಿದೆ.